ಬಿಡು ಅಂದರೆ ಕೊಬ್ಬರಿ

ಚನ್ನೇಶನಿಗೆ ಗದರುವ ಗಂಟಲು ಇರಲಿಲ್ಲ. ಎಷ್ಟೇ ಸಿಟ್ಟು ಬಂದರೂ ಅವನ ಬಾಯಿಂದ ಹೊರಡುತ್ತಿದ್ದದ್ದು ವಿಳಾಸ ಕೇಳುವವನ ಧ್ವನಿ. ಬಸ್ತಿಹಳ್ಳಿಯ ಬಸದಿಗಳ ಗೇಟಿನೆದುರು ಎಳನೀರು ಮತ್ತು ಟೀ ಅಂಗಡಿ ಇಟ್ಟುಕೊಂಡವನಿಗೆ ಇದು ದೊಡ್ಡ ಕೊರತೆ. ಟೀ ಕುಡಿದು ಲೋಟವನ್ನೂ ಎತ್ತಿಕೊಂಡು ಬಸ್ಸು ಹತ್ತಿದವರಿಗೂ ಅವನು "ಮತ್ತೆ ಬನ್ನಿ" ಎಂದೇ ಹೇಳುತ್ತಿದ್ದ.

ಅರಸೀಕೆರೆಯ ಮಂಡಿಗೆ ಕೊಬ್ಬರಿ ಹಾಕಲು ಹೋದಾಗ ಒಮ್ಮೆ ರೈಲ್ವೆ ಸ್ಟೇಷನ್ನಿನ ಹೊರಗೆ ಒಂದು ಕೆಂದು ನಾಯಿಮರಿ ಅವನ ಬೆನ್ನು ಹತ್ತಿತು. 'ಹಚಾ' ಎಂದ. ಅವನು ಹೇಳಿದ ರೀತಿಗೆ ಅದು ಬಾಲ ಅಲ್ಲಾಡಿಸಿತು. ಬಸ್ಸನ್ನೂ ಹತ್ತಿತು. ಕಂಡಕ್ಟರ್ ಗದರಿದಾಗ ನಾಯಿ, ಚನ್ನೇಶ ಇಬ್ಬರೂ ಒಟ್ಟಿಗೆ ತಲೆ ತಗ್ಗಿಸಿದರು. ಮನೆಯಲ್ಲಿ ಹೆಂಡತಿ ಅರುಣಾ ಅದಕ್ಕೆ ಕೆಂಚ ಎಂದು ಹೆಸರಿಟ್ಟಳು.

ಗದರಲು ಬಾರದವನು ನಾಯಿಗೆ ಬುದ್ಧಿ ಕಲಿಸುವುದು ಹೇಗೆ? ಫೋನಿನಲ್ಲಿ ಒಂದು ವಿಡಿಯೊ ಸಿಕ್ಕಿತು. ನಾಯಿಗೆ ಹೊಡೆಯಬೇಡಿ, ಬೈಯಬೇಡಿ, ಹೇಳಿದ್ದನ್ನು ಮಾಡಿದ ಕೂಡಲೇ ಅದಕ್ಕೆ ಇಷ್ಟವಾದ ತಿಂಡಿಯ ಒಂದು ಚೂರು ಕೊಡಿ ಎಂದು ಒಬ್ಬ ಹೆಂಗಸು ತಣ್ಣಗೆ ಹೇಳುತ್ತಿದ್ದಳು. ಇದು ತನಗಾಗಿಯೇ ಹುಟ್ಟಿದ ವಿದ್ಯೆ ಎನಿಸಿತು ಚನ್ನೇಶನಿಗೆ. ಕೆಂಚ ಬಿಸ್ಕತ್ತನ್ನು ಮೂಸಿ ಮುಖ ತಿರುಗಿಸಿತು. ಕೊಬ್ಬರಿ ಚೂರು ಕಂಡರೆ ಮಾತ್ರ ಸಾಲಿನಲ್ಲಿ ನಿಂತ ಶಾಲೆಯ ಮಗುವಾಗುತ್ತಿತ್ತು. ಅಂಗಡಿಯಲ್ಲಿ ಕೊಬ್ಬರಿಗೇನು ಬರ? ಚನ್ನೇಶನ ಅಂಗಿ ಜೇಬು ಯಾವಾಗಲೂ ಚಟ್ನಿಗೆ ಹೊರಟಂತೆ ಘಮಘಮ ಎನ್ನತೊಡಗಿತು. ಕೆಂಚ ಕೂರುವುದು ಕಲಿಯಿತು, ಕರೆದರೆ ಬರುವುದು ಕಲಿಯಿತು, ಬಲಗಾಲು ಎತ್ತಿ ಕೈ ಕೊಡುವುದನ್ನೂ ಕಲಿಯಿತು.

ಅದರ ಜೊತೆಗೆ ಚನ್ನೇಶ ಭಾಷಣ ಮಾಡುವುದನ್ನು ಕಲಿತ. "ಹೊಡ್ದು ಸಾಕೋರು ನಾಯಿ ಸಾಕ್ತಾ ಇಲ್ಲ, ಭಯ ಸಾಕ್ತಾ ಅವ್ರೆ" ಎಂಬ ವಿಡಿಯೊದ ಮಾತನ್ನು ಟೀ ಕುಡಿಯಲು ಬಂದವರಿಗೆಲ್ಲ ಹೇಳುತ್ತಿದ್ದ. ಹಳೇಬೀಡಿನ ಏಜೆಂಟ್ ದೀಪಕ್‌ನಿಂದ ಕೆಂಚನಿಗೊಂದು ಇನ್ಶೂರೆನ್ಸನ್ನೂ ಮಾಡಿಸಿದ. ನಾಯಿಗೆ ಕಾಯಿಲೆಯಾದರೆ, ನಾಯಿ ಕಳೆದುಹೋದರೆ, ನಾಯಿ ಯಾರನ್ನಾದರೂ ಕಚ್ಚಿದರೆ, ಎಲ್ಲಕ್ಕೂ ಅದರಲ್ಲಿ ಪರಿಹಾರವಿತ್ತು.

ಪಕ್ಕದಲ್ಲಿ ಕಲ್ಲಿನ ಸಣ್ಣ ಮೂರ್ತಿಗಳನ್ನು ಮಾರುವ ಹನುಮಂತಯ್ಯ ಇದನ್ನು ಕೇಳಿ ಎದ್ದೇ ಬಂದಿದ್ದ. "ನಾಯಿಗೂ ಇನ್ಶೂರೆನ್ಸೇನ್ಲಾ? ನಿಂಗೈತಾ?"

"ನಂಗಿಲ್ಲಣ್ಣ."

"ಹಂಗಾದ್ರೆ ನಿಮ್ಮನೇಗೆ ಅದೇ ಯಜಮಾನ ಬಿಡು."

ಎಲ್ಲ ಚೆನ್ನಾಗಿಯೇ ಇತ್ತು, 'ಬಿಡು' ಕಲಿಸುವ ತನಕ. ಒಂದು ದಿನ ಕೆಂಚ ಯಾರದೋ ಚಪ್ಪಲಿ ಕಚ್ಚಿಕೊಂಡಿತ್ತು. ಚನ್ನೇಶ ವಿಡಿಯೊದಲ್ಲಿದ್ದಂತೆ ಕೊಬ್ಬರಿ ತೋರಿಸಿ "ಬಿಡು" ಎಂದ. ಬಿಟ್ಟಿತು. ಕೊಬ್ಬರಿ ಕೊಟ್ಟ. ಕೆಂಚ ಕೂತು ಯೋಚಿಸಿತು. ಬಾಯಲ್ಲಿ ಚಪ್ಪಲಿ ಇದ್ದರೆ ತಾನೆ 'ಬಿಡು' ಅನ್ನುವುದು? 'ಬಿಡು' ಅಂದರೆ ತಾನೆ ಕೊಬ್ಬರಿ? ಅಲ್ಲಿಂದ ಮುಂದೆ ಅದು ದಿನವೂ ಚಪ್ಪಲಿ ತರತೊಡಗಿತು. ಬಸದಿಗೆ ಬಂದವರು ಚಪ್ಪಲಿ ಬಿಡುತ್ತಿದ್ದದ್ದು ಚನ್ನೇಶನ ಅಂಗಡಿಯ ಜಗಲಿಯ ಮೇಲೆಯೇ. ಚಪ್ಪಲಿ ಬಿಟ್ಟವರು ವಾಪಸು ಬಂದು ಒಂದು ಎಳನೀರು ಕುಡಿಯುವುದು ವಾಡಿಕೆ; ಅವನ ವ್ಯಾಪಾರವೆಲ್ಲ ಆ ನಂಬಿಕೆಯ ಮೇಲೆ ನಿಂತಿತ್ತು. ಕೆಂಚ ತಂದದ್ದನ್ನು ಅವನು ಯಾರೂ ನೋಡದ ಹಾಗೆ ಜಗಲಿಗೆ ಸೇರಿಸಿಬಿಡುತ್ತಿದ್ದ. ಊರಿಗೆಲ್ಲ ಪಾಠ ಹೇಳಿದ ಮೇಲೆ, ನನ್ನ ನಾಯಿ ಹೀಗಾಯಿತು ಎಂದು ಯಾವ ಬಾಯಿಂದ ಹೇಳುವುದು?

ಹೀಗಿರುವಾಗ ಆ ಭಾನುವಾರ ಬಂತು. ಪ್ರವಾಸಿಗರು ಬರುವ ಜಾಗದಲ್ಲಿ ವಾರಸುದಾರರಿಲ್ಲದ ನಾಯಿ ಇರಬಾರದು ಎಂದು ಪಂಚಾಯಿತಿಯವರು ಡಂಗುರ ಹಾಕಿಸಿದ್ದರು. ಮಧ್ಯಾಹ್ನ ಗೇಟಿನ ಹತ್ತಿರ ದನದ ಆಸ್ಪತ್ರೆಯ ಹೊಸ ಡಾಕ್ಟರು ಬರುತ್ತಾರೆ. ಸಾಕಿದವರು ನಾಯಿಯನ್ನು ತಮ್ಮ ಹೆಸರಿನಲ್ಲಿ ಬರೆಸಿ ಸೂಜಿ ಹಾಕಿಸಬೇಕು. ಬರೆಸದ ನಾಯಿ ವ್ಯಾನಿಗೆ. ವ್ಯಾನು ಹತ್ತಿದ ನಾಯಿ ತಿರುಗಿ ಬಂದದ್ದನ್ನು ಬಸ್ತಿಹಳ್ಳಿಯವರು ಕಂಡಿರಲಿಲ್ಲ.

ಅರುಣಾ ಬೆಳಿಗ್ಗೆಯೇ ಕೆಂಚನಿಗೆ ಸೋಪು ಹಾಕಿ ಸ್ನಾನ ಮಾಡಿಸಿ, ಚನ್ನೇಶನ ಹೆಸರು, ಫೋನ್ ನಂಬರು ಇದ್ದ ಬೆಲ್ಟು ಕಟ್ಟಿ ಕಳಿಸಿದಳು. "ಮೊದ್ಲು ಹೋಗಿ ಬರ್ಸಿಬಿಡಿ. ನೀವು ಯಾರಿಗಾದ್ರೂ ಟೀ ಕೊಡ್ತಾ ನಿಂತ್ರೆ ವ್ಯಾನಿನವ್ರು ಹಾಕ್ಕೊಂಡ್ ಹೋಗ್ತಾರೆ" ಎಂದಳು.

ಚನ್ನೇಶ ಒಂದು ತೀರ್ಮಾನ ಮಾಡಿಕೊಂಡು ಬಂದಿದ್ದ. ಇವತ್ತು ಚಪ್ಪಲಿ ತಂದರೆ ಕೊಬ್ಬರಿ ಇಲ್ಲ. ಕೊಡುವುದನ್ನು ನಿಲ್ಲಿಸಿದರೆ ತರುವುದನ್ನೂ ನಿಲ್ಲಿಸುತ್ತದೆ.

ಎರಡು ಬಸ್ಸು ಪ್ರವಾಸಿಗರು ಒಟ್ಟಿಗೆ ಬಂದು ಇಳಿದರು. ಜಗಲಿ ತುಂಬ ಚಪ್ಪಲಿ, ಶೂಗಳಾದವು. ಅವರು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಕೆಂಚ ಒಂದು ಹವಾಯಿ ಚಪ್ಪಲಿ ತಂದು ಚನ್ನೇಶನ ಕಾಲ ಬಳಿ ಇಟ್ಟಿತು. ಚನ್ನೇಶ ಜೇಬು ಮುಚ್ಚಿಕೊಂಡು ಬೇರೆ ಕಡೆ ನೋಡಿದ.

ಕೆಂಚ ಕಾದು ನೋಡಿತು. ಈ ಮಾಲು ನಡೆಯುವುದಿಲ್ಲ ಎಂದುಕೊಂಡಿರಬೇಕು. ಹೋಗಿ ಚರ್ಮದ ಚಪ್ಪಲಿ ತಂದಿತು. ಅದಕ್ಕೂ ಕೊಬ್ಬರಿ ಹುಟ್ಟಲಿಲ್ಲ. ಕ್ಯಾನ್ವಾಸ್ ಶೂ ಬಂತು. ಹಿಮ್ಮಡಿ ಎತ್ತರದ್ದು ಬಂತು. ಹೆಜ್ಜೆ ಇಟ್ಟರೆ ದೀಪ ಹತ್ತುವ ಮಗುವಿನ ಶೂ ಒಂದು ಅದರ ಬಾಯಲ್ಲಿ ಆಂಬುಲೆನ್ಸಿನಂತೆ ಮಿನುಗುತ್ತಾ ಬಂತು. ಒಳಗೆ ಹೋಗದೆ ಉಳಿದ ಗಿರಾಕಿಗಳು ಎಳನೀರಿಗೆ ಮುತ್ತಿಕೊಂಡಿದ್ದರಿಂದ ಯಾವುದನ್ನೂ ಜಗಲಿಗೆ ಸೇರಿಸಲು ಚನ್ನೇಶನಿಗೆ ಪುರಸೊತ್ತಾಗಲಿಲ್ಲ. ಒಂದೊಂದನ್ನೂ ಕಾಲಲ್ಲೇ ಎಳನೀರು ಬುರುಡೆ ರಾಶಿಯ ಹಿಂದಕ್ಕೆ ತಳ್ಳಿದ. ಪ್ರತಿ ಜೊತೆಯಲ್ಲೂ ಕೆಂಚ ತಂದದ್ದು ಒಂದನ್ನೇ. ಆ ಮಟ್ಟಿಗೆ ಅದಕ್ಕೆ ದುರಾಸೆ ಇರಲಿಲ್ಲ.

ಬಸದಿ ನೋಡಿ ಹೊರಬಂದವರು ಜಗಲಿಯ ಮುಂದೆ ನಿಂತರು. ಬಿಸಿಲು ಏರಿತ್ತು. ಚಪ್ಪಡಿ ಕಲ್ಲು ಕಾದಿತ್ತು. ಒಂದು ಕಾಲಿಗೆ ಮೆಟ್ಟು, ಒಂದು ಕಾಲು ಬರಿದು. ಇಡೀ ಗುಂಪು ಬಾಣಲೆಗೆ ಬಿದ್ದ ಜೋಳದ ಹಾಗೆ ಅಲ್ಲಲ್ಲೇ ಪುಟಿಯತೊಡಗಿತು.

"ನಂದೊಂದು ಶೂ ಕಾಣ್ತಿಲ್ಲ!"

"ನಂದೂ ಒಂದೇ ಇದೆ ರೀ!"

"ಒಂದೇ ಕಾಲಿನ ಕಳ್ಳ ಯಾರಾದ್ರೂ ಇದಾನೇನ್ರೀ ಇಲ್ಲಿ?"

ಗೇಟಿನ ಬಳಿ ಕಡಲೆಕಾಯಿ ಮಾರುವ ಹುಚ್ಚಮ್ಮ ಬುಟ್ಟಿ ಬಿಟ್ಟು ಎದ್ದಳು. ಬೆಳಗಿನಿಂದ ಅವಳದೂ ಒಂದು ಚಪ್ಪಲಿ ಇರಲಿಲ್ಲ. "ಆ ಕೆಂಪು ಮೂದೇವಿದೇ ಕೆಲ್ಸ. ನಾನು ಕಣ್ಣಾರೆ ನೋಡಿವ್ನಿ. ಕಾಲು ಮುರೀಬೇಕು ಅದುಕ್ಕೆ" ಎಂದು ಕೂಗಿದಳು.

ಹನುಮಂತಯ್ಯ ಬುರುಡೆ ರಾಶಿಯ ಹಿಂದೆ ಇಣುಕಿದವನು ಸೊಂಟದ ಮೇಲೆ ಕೈ ಇಟ್ಟು ನಿಂತ. ಅವನ ಮುಖ ಹಬ್ಬದ ಮನೆಯಾಯಿತು. "ಏನ್ಲಾ ಚನ್ನೇಶ! ಚಪ್ಪಲಿ ಅಂಗಡಿ ಯಾವಾಗ್ಲಾ ಇಕ್ದೆ?"

ಜನ ಆ ಕಡೆ ನುಗ್ಗಿದರು. ಚನ್ನೇಶ ಒಲೆಯ ಹಿಂದೆ ಅಡಗಿ ಕೂತು ದೀಪಕ್‌ಗೆ ಫೋನು ಮಾಡಿದ.

"ದೀಪಕ್, ಕೆಂಚ ಎಲ್ರ ಚಪ್ಪಲಿ ಹೊತ್ತಾಕ್‌ಬಿಟ್ಟೈತೆ ಕಣೋ. ಇನ್ಶೂರೆನ್ಸಲ್ಲಿ ಏನಾದ್ರೂ ಆಗುತ್ತಾ?"

"ಯಾರಿಗಾದ್ರೂ ಕಚ್ಚೈತಾ?"

"ಇಲ್ಲ."

"ಒಂಚೂರೂ ಇಲ್ವಾ? ಪರಚಿದ್ರೂ ಆಗುತ್ತೆ, ಸರಿಯಾಗಿ ನೋಡು."

"ಯಾರ್ನೂ ಮುಟ್ಟೇ ಇಲ್ಲ ಕಣೋ."

"ಥೂ. ಕಚ್ಚಿದ್ರೆ ಕೊಡ್ತಾರೆ, ಕದ್ದರೆ ಕೊಡಲ್ಲ. ಅಲ್ಲಾ, ಅದಕ್ಕೆ ಚಪ್ಪಲಿ ತರೋದು ಯಾರು ಕಲ್ಸಿದ್ದು?"

"ನಾನು ಕಲ್ಸಿದ್ದು ಬಿಡೋದು ಕಣೋ" ಎಂದ ಚನ್ನೇಶ.

"ನೀನಾ? ಕೊಬ್ಬರಿ ಕೊಟ್ಟಾ? ಲೋ, ಕೂಲಿ ಕೊಟ್ಟು ಕಳ್ತನ ಮಾಡಿಸ್ದಂಗಾಯ್ತಲ್ಲೋ! ನಾಯಿಗೆ ಜೈಲಿಲ್ಲ, ಗೊತ್ತಾ? ಇರೋದು ನಿಂಗೆ. ಬಾಯ್ ಬಿಡ್ಬೇಡ" ಎಂದು ದೀಪಕ್ ಫೋನು ಇಟ್ಟ. ಚನ್ನೇಶನ ಕೈ ತಾನಾಗಿಯೇ ಕೆಂಚನ ಕುತ್ತಿಗೆಗೆ ಹೋಯಿತು. ಬೆಲ್ಟು ಬಿಚ್ಚಿ ಸಕ್ಕರೆ ಡಬ್ಬದೊಳಗೆ ಹಾಕಿ ಮುಚ್ಚಳ ಒತ್ತಿದ. ಕೆಂಚನಿಗೆ ಕುತ್ತಿಗೆ ಹಗುರಾಯಿತು. ಖುಷಿಯಿಂದ ಹೊರಗೆ ಓಡಿತು.

ಅಷ್ಟರಲ್ಲಿ ಪಂಚಾಯಿತಿಯ ವ್ಯಾನೂ ಬಂದು ನಿಂತಿತು. ಒಳಗಾಗಲೇ ಕೆಲವು ನಾಯಿಗಳಿದ್ದವು. ವ್ಯಾನಿನವನು ಬಲೆ ಹಿಡಿದು ಇಳಿದ. ಬುರುಡೆ ರಾಶಿಯ ಹಿಂದಿನಿಂದ ಒಬ್ಬೊಬ್ಬರೂ ತಮ್ಮ ತಮ್ಮದನ್ನು ಹೆಕ್ಕಿಕೊಳ್ಳುತ್ತಾ, "ಯಾರ್ರೀ ಈ ನಾಯಿ ಸಾಕಿರೋದು?" ಎಂದು ಕೇಳತೊಡಗಿದರು. ಊರಿನವರು ಚನ್ನೇಶನ ಕಡೆ ನೋಡಿದರು. ಹೊರಗಿನವರು ಊರಿನವರ ಕಡೆ ನೋಡಿದರು.

ಆ ಹೊತ್ತಿಗೇ ಕೆಂಚ ಜನರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಬಂತು. ಬಾಯಲ್ಲಿ ಒಂದು ಹೊಸ ಬಿಳಿ ಶೂ. ಅದುವರೆಗೆ ತಂದದ್ದರಲ್ಲೆಲ್ಲ ಒಳ್ಳೆಯದು. ಅದನ್ನು ಚನ್ನೇಶನ ಪಾದದ ಮುಂದೆ ಮೆಲ್ಲಗೆ ಇಟ್ಟು, ಕೂತು, ಬಲಗಾಲು ಎತ್ತಿ ಕೈ ಕೊಟ್ಟಿತು. ಚನ್ನೇಶ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಂಗೊತ್ತಿಲ್ಲ" ಎಂದ. "ಇದು ಬೀದಿ ನಾಯಿ."

ಊರಿನವರು ಈಗ ಕೆಂಚನ ಕಡೆ ನೋಡಿದರು. ಹನುಮಂತಯ್ಯ ಮಾತ್ರ ಬಿಡಲಿಲ್ಲ. "ಅಯ್ಯೋ, ನಿಂದಲ್ವಾ? ನಾನು ಇಷ್ಟು ದಿನ ನಿಂದೇ ಅಂದ್ಕೊಂಡಿದ್ನಲ್ಲೋ."

"ಅಂಗಡಿ ತಾವ ಸುಮ್ನೆ ಬತ್ತದೆ ಅಷ್ಟೇ ಅಣ್ಣ."

"ಆಣೆ ಇಕ್ಕು."

"ಬಸವಣ್ಣನಾಣೆ."

"ಯಾವ ಬಸವಣ್ಣ?"

"ಹಳೇಬೀಡು ದೇವಸ್ಥಾನದ ದೊಡ್ಡ ಬಸವಣ್ಣ" ಎಂದ ಚನ್ನೇಶ. ಅಲ್ಲಿನ ಸಣ್ಣ ಬಸವಣ್ಣನ ಮೇಲೆ ಆಣೆ ಹಾಕಿದ್ದರೆ ಇನ್ನೊಂದು ಪ್ರಶ್ನೆ ಬರುತ್ತಿತ್ತು. ಜೀವನದಲ್ಲಿ ಮೊದಲ ಸಲ ಅವನ ಧ್ವನಿ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಬಂತು. ಕೆಂಚ ಇನ್ನೂ ಕಾಲು ಎತ್ತಿಕೊಂಡೇ ಇತ್ತು.

"ಸರಿ ಹಂಗಾದ್ರೆ" ಎಂದು ವ್ಯಾನಿನವನು ಬಲೆ ಬಿಡಿಸಿದ. ಬಲೆ ಎಂದರೇನೆಂದು ಕೆಂಚನಿಗೆ ಯಾರೂ ಕಲಿಸಿರಲಿಲ್ಲ. ಅದು ವ್ಯಾನಿನವನ ಕಡೆಗೂ ಕೈ ಚಾಚಿತು.

"ಏಯ್, ನಿಲ್ಸಪ್ಪ!" ಹುಚ್ಚಮ್ಮ ಒಂದೇ ಚಪ್ಪಲಿಯಲ್ಲಿ ಕುಂಟುತ್ತಾ ಬಂದು ಬಲೆಗೂ ನಾಯಿಗೂ ನಡುವೆ ನಿಂತಳು. "ನಾಯಿ ನಂದು."

"ನಿಂದೇನಜ್ಜಿ? ಈಗ ತಾನೆ ಕಾಲು ಮುರೀಬೇಕು ಅಂತಿದ್ದೆ?" ಎಂದು ಗುಂಪಿನಲ್ಲಿದ್ದವನೊಬ್ಬ ಕೇಳಿದ.

"ನನ್ ನಾಯಿ. ನಾನು ಕಾಲೂ ಮುರೀತೀನಿ, ಮುದ್ದೆನೂ ಇಕ್ತೀನಿ. ನೀನ್ಯಾವನು ಕೇಳಕ್ಕೆ?" ಎಂದು ಅವನಿಗೆ ಹೇಳಿ, ಪ್ರವಾಸಿಗರ ಕಡೆ ತಿರುಗಿ ಕೈ ಮುಗಿದಳು. "ತಪ್ಪಾಯ್ತು ಕಣ್ರಪ್ಪ. ಮೂಕ ಪ್ರಾಣಿ. ನೀವು ಬೈಯೋದಾದ್ರೆ ನನ್ನ ಬೈರಿ." ಅವಳು ಚನ್ನೇಶನ ಕಡೆ ನೋಡಲಿಲ್ಲ. ಚನ್ನೇಶ ಅವಳ ಬರಿಗಾಲನ್ನು ನೋಡಿದ. ಆಮೇಲೆ ತನ್ನ ಎರಡೂ ಚಪ್ಪಲಿಗಳನ್ನು ನೋಡಿಕೊಂಡ.

ಗುಂಪಿನ ಹಿಂದಿನಿಂದ ಒಬ್ಬ ಹುಡುಗಿ ಒಂದೇ ಕಾಲಲ್ಲಿ ಕುಪ್ಪಳಿಸುತ್ತಾ ಮುಂದೆ ಬಂದಳು. ಆ ಕಾಲಿನಲ್ಲಿ ಬಿಳಿ ಶೂ ಇತ್ತು. ಪ್ರವಾಸಕ್ಕೆ ಬಂದವಳೆಂದೇ ಎಲ್ಲರೂ ತಿಳಿದಿದ್ದರು. ನೆಲದ ಮೇಲಿನ ಶೂ ಎತ್ತಿಕೊಂಡು, ಒಳಗೆ ಹೊರಗೆ ತಿರುಗಿಸಿ ನೋಡಿದಳು.

"ಒಂದು ಹಲ್ಲಿನ ಗುರುತೂ ಇಲ್ಲ!" ಎಂದು ನಕ್ಕಳು. "ನಾನು ಹೇಮಾಶ್ರೀ, ಆಸ್ಪತ್ರೆಯ ಹೊಸ ಡಾಕ್ಟರು. ಸ್ವಲ್ಪ ಬೇಗ ಬಂದೆ, ಬಸದಿ ನೋಡೋಣ ಅಂತ. ಅಜ್ಜಿ, ಯಾರು ಇದಕ್ಕೆ ಕಲ್ಸಿದ್ದು?"

ಹುಚ್ಚಮ್ಮ ಒಂದು ಕ್ಷಣ ಚನ್ನೇಶನನ್ನು ನೋಡಿದಳು. ಅವನು ಎಳನೀರು ಕೆತ್ತತೊಡಗಿದ. ಕೆತ್ತಿದ್ದನ್ನೇ ಮತ್ತೆ ಕೆತ್ತಿದ.

"ನಾನೇ ಕಣವ್ವ" ಎಂದಳು ಹುಚ್ಚಮ್ಮ.

"ಹೊಡ್ದು ಕಲ್ಸಿದ್ರಾ?"

"ಹೊಡ್ದು ಸಾಕೋರು ನಾಯಿ ಸಾಕಲ್ಲ ಕಣವ್ವ, ಭಯ ಸಾಕ್ತಾರೆ. ಕೊಬ್ಬರಿ ಕೊಟ್ಟು ಕಲ್ಸಿದ್ದು." ದಿನವೂ ಬೆಳಗಿನಿಂದ ಸಂಜೆಯವರೆಗೆ ಅದೇ ಭಾಷಣ ಕೇಳಿ ಅವಳಿಗೆ ಬಾಯಿಪಾಠವಾಗಿತ್ತು.

ಡಾಕ್ಟರು ಜನರನ್ನೆಲ್ಲ ಹತ್ತಿರ ಕರೆದರು. ನಾಯಿಯದು ತಪ್ಪಲ್ಲ, ಕಲಿಸಿದವರದೂ ದೊಡ್ಡ ತಪ್ಪಲ್ಲ ಎಂದರು. "ಕದ್ದು ತಂದ್ಮೇಲೆ ಬಿಟ್ಟರೆ ತಿಂಡಿ ಕೊಟ್ಟಿದ್ದೀರಿ. ಅದು ತರೋದು ಕಲ್ತಿದೆ. ಚಪ್ಪಲಿ ಮುಟ್ದೆ ಪಕ್ಕದಲ್ಲಿ ಹೋದಾಗ ಕೊಟ್ಟು ನೋಡಿ." ಚನ್ನೇಶನ ಕಡೆ ತಿರುಗಿ, "ಅಂಗಡಿಯವ್ರೆ, ಒಂಚೂರು ಕೊಬ್ಬರಿ ಇದೆಯಾ?" ಎಂದು ಕೇಳಿದರು.

ಚನ್ನೇಶ ಜೇಬಿಗೆ ಕೈ ಹಾಕಿದವನು ತೆಗೆದ. ಬೀದಿ ನಾಯಿ ಬಂದರೆ ಇರಲಿ ಎಂದು ಯಾರೂ ಜೇಬಿನಲ್ಲಿ ಕೊಬ್ಬರಿ ಚೂರು ಇಟ್ಟುಕೊಳ್ಳುವುದಿಲ್ಲ. ಹೊಸದೊಂದು ಕೊಬ್ಬರಿ ಗಿಟುಕು ಒಡೆದು ಕೊಟ್ಟ. ಡಾಕ್ಟರು ಜಗಲಿಯ ಉದ್ದಕ್ಕೂ ಕೆಂಚನನ್ನು ನಡೆಸಿದರು. ಚಪ್ಪಲಿಯಿಂದ ಮೂತಿ ತಿರುಗಿಸಿದಾಗಲೆಲ್ಲ ಒಂದು ಚೂರು. ಕೆಂಚ ಮೂರು ಸಲಕ್ಕೆ ವಿಷಯ ತಿಳಿದುಕೊಂಡಿತು. ಆಮೇಲೆ ಒಂದು ಶೂ ಕಡೆಗೂ ಕಣ್ಣೆತ್ತಿ ನೋಡದೆ ಮಠದ ಸ್ವಾಮಿಯ ಹಾಗೆ ನಡೆದು ತೋರಿಸಿತು. ಬಿಸಿಲಲ್ಲಿ ಕುಣಿದವರೇ ಚಪ್ಪಾಳೆ ತಟ್ಟಿದರು. ದೀಪದ ಶೂ ಕಳೆದುಕೊಂಡಿದ್ದ ಮಗು ಕೆಂಚನ ಜೊತೆ ಫೋಟೊ ಬೇಕೆಂದು ಹಟ ಹಿಡಿಯಿತು. ಪೊಲೀಸು, ಜೈಲು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಅದನ್ನು ಎತ್ತಿದವನು ದೀಪಕ್ ಒಬ್ಬನೇ, ಅದೂ ಫೋನಿನಲ್ಲಿ.

"ಇಂಥ ನಾಯಿನೇ ನಾನು ಹುಡುಕ್ತಿದ್ದೆ" ಎಂದರು ಡಾಕ್ಟರು. "ಹೊಡೀದೆ ಕಲಿಸ್ಬಹುದು ಅಂದ್ರೆ ಜನ ನಂಬಲ್ಲ. ಬೇಲೂರು, ಮಾದಿಹಳ್ಳಿ, ಅರಸೀಕೆರೆ, ಎಲ್ಲಿ ಶಿಬಿರ ಇದ್ರೂ ಅಜ್ಜಿ, ನೀವೂ ನಿಮ್ಮ ನಾಯಿನೂ ಬರ್ಬೇಕು. ಜೀಪ್ ಕಳಿಸ್ತೀನಿ."

"ಜೀಪಾ?" ಎಂದಳು ಹುಚ್ಚಮ್ಮ. "ಮುಂದಿನ ಸೀಟೇನವ್ವ?"

"ಮುಂದಿನ ಸೀಟೇ."

ಗೇಟಿನ ಬಳಿ ಮೇಜು ಹಾಕಿದರು. ಡಾಕ್ಟರು ಕೆಂಚನ ಕುತ್ತಿಗೆ ಸವರಿ, "ಸೋಪಿನ ವಾಸನೆ ಬರ್ತಿದೆ, ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀರಿ! ಕೂದಲು ಇಲ್ಲಿ ಒತ್ತಿಕೊಂಡಿದೆ. ಬೆಲ್ಟ್ ಎಲ್ಲಿ?" ಎಂದು ಕೇಳಿದರು. ಬಸ್ತಿಹಳ್ಳಿಯವರೆಲ್ಲ ಒಟ್ಟಿಗೆ ಚನ್ನೇಶನನ್ನು ನೋಡಿದರು. ಸಕ್ಕರೆ ಡಬ್ಬ ಅವನ ಮೊಳಕೈ ಪಕ್ಕದಲ್ಲೇ ಇತ್ತು. ಅವನು ಅದರ ಮುಚ್ಚಳ ಇನ್ನೂ ಗಟ್ಟಿಯಾಗಿ ಒತ್ತಿದ.

"ಹರಿದೋಯ್ತು" ಎಂದಳು ಹುಚ್ಚಮ್ಮ.

ಡಾಕ್ಟರು ಸೂಜಿ ತೆಗೆದರು. ಆ ಸೂಜಿ ಅರಸೀಕೆರೆಯಲ್ಲಿ ಆಗಲೇ ಹಾಕಿಸಿದ್ದಾಗಿದೆ, ಕಾರ್ಡು ಮನೆಯಲ್ಲಿದೆ ಎಂದು ಚನ್ನೇಶನಿಗೆ ಹೇಳಬೇಕೆನಿಸಿತು. ಯಾರ ನಾಯಿ ಎಂಬುದನ್ನು ಬಿಟ್ಟು ಅದನ್ನು ಹೇಳುವ ದಾರಿ ಹೊಳೆಯಲಿಲ್ಲ. ಕೆಂಚ 'ಕುಂಯ್' ಎಂದು ಅವನ ಕಡೆ ತಿರುಗಿತು. ಅವನು ಟೀ ಸೋಸಿದ.

"ಸಾಕಿದವರ ಹೆಸರು?"

"ಹುಚ್ಚಮ್ಮ."

ಬಸ್ಸುಗಳು ಹೋದವು. ವ್ಯಾನು ಹೋಯಿತು. ಡಾಕ್ಟರೂ ಹೊರಟರು. ಚನ್ನೇಶ ಸಕ್ಕರೆ ಅಂಟಿದ ಬೆಲ್ಟನ್ನು ಪಂಚೆಗೆ ಒರೆಸಿಕೊಂಡು, ಒಂದು ಲೋಟ ಟೀ ಹಿಡಿದು ಕಡಲೆಕಾಯಿ ಬುಟ್ಟಿಯ ಹತ್ತಿರ ಹೋದ. ಕೆಂಚ ಅಲ್ಲೇ ನೆರಳಲ್ಲಿ ಮಲಗಿತ್ತು. ಹುಚ್ಚಮ್ಮ ಅದಕ್ಕೆ ಸೀರೆಯ ಅಂಚು ಹರಿದು ಕಟ್ಟಿದ್ದಳು.

"ಅಜ್ಜಿ, ದೊಡ್ಡ ಉಪಕಾರ ಮಾಡ್ದೆ. ಟೀ ಕುಡಿ. ಸಾಯಂಕಾಲ ಕರ್ಕೊಂಡ್ ಹೋಗ್ತೀನಿ."

"ಏನ?"

"ಕೆಂಚನ್ನ."

"ಯಾರ್ ಕೆಂಚ?" ಹುಚ್ಚಮ್ಮ ಟೀ ತೆಗೆದುಕೊಂಡಳು. "ವ್ಯಾನು ಬಂದಾಗ ನಿಂದಾಗ್ನಿಲ್ಲ. ಜೀಪು ಬತ್ತದೆ ಅಂದ್ ಕೂಡ್ಲೇ ನಿಂದಾಯ್ತಾ?"

"ಹಂಗಲ್ಲ ಅಜ್ಜಿ, ಆಗ ನಾಚ್ಕೆಯಾಯ್ತು..."

"ಈಗ ಆಗ್ತಾ ಇಲ್ವೇನಪ್ಪ?"

ಕಲ್ಲಿನ ಮೂರ್ತಿಗಳ ನಡುವಿನಿಂದ ಹನುಮಂತಯ್ಯ ಕೂಗಿದ: "ಲೋ, ಆಣೆ ದೊಡ್ಡ ಬಸವಣ್ಣಂದು ಕಣೋ! ಸಣ್ಣದಾಗಿದ್ರೆ ನಾನೇ ಏನಾದ್ರೂ ಹೇಳ್ತಿದ್ದೆ."

ಚನ್ನೇಶ ಅಂಗಡಿಗೆ ಬಂದು ಮತ್ತೆ ದೀಪಕ್‌ಗೆ ಫೋನು ಮಾಡಿದ. ದೀಪಕ್‌ಗೆ ಈ ಸಲ ಉತ್ಸಾಹ ಬಂತು. "ನಾಯಿ ಕಳೆದೋಯ್ತಾ? ಬಂತಲ್ಲಪ್ಪ ದಾರಿಗೆ! ಕಳೆದೋದ್ರೆ ಕೊಡ್ತಾರೆ ಕಣೋ. ಎಲ್ಲಿ ಕೊನೇ ಸಲ ನೋಡಿದ್ದು ಹೇಳು, ಬರ್ಕೋತೀನಿ."

"ಈಗ್ಲೂ ನೋಡ್ತಾ ಇದೀನಿ" ಎಂದ ಚನ್ನೇಶ. "ಎದುರಿಗೇ ಮಲಗೈತೆ."

ಅತ್ತ ಕಡೆಯಿಂದ ಫೋನು ಕಟ್ಟಾಯಿತು.

ಅರುಣಾ ಊಟದ ಡಬ್ಬಿ ತಂದಳು. ಬಂದವಳೇ "ಬರ್ಸಿದ್ರಾ?" ಎಂದು ಕೇಳಿದಳು.

"ಬರ್ಸಿದ್ದಾಯ್ತು" ಎಂದ. ಅದು ಸುಳ್ಳೇನೂ ಆಗಿರಲಿಲ್ಲ.

"ಸೂಜಿ ಆಗ್ಲೇ ಹಾಕ್ಸಿದ್ದೀವಿ ಅಂದ್ರಾ?"

"ಮತ್ತೆ ಹಾಕಿದ್ರು."

"ಕೆಂಚ ಎಲ್ಲಿ ಮತ್ತೆ?" ಎಂದು ಅವಳು ತಿರುಗಿದಳು. ಹುಚ್ಚಮ್ಮನ ಬುಟ್ಟಿ ಕಂಡಿತು, ನಾಯಿಯ ಕುತ್ತಿಗೆಯ ಸೀರೆ ಅಂಚು ಕಂಡಿತು, ಗಂಡನ ಕೈಯಲ್ಲಿ ಬೆಲ್ಟು ಕಂಡಿತು. ಊರಿನ ಯಾರೂ ಅವಳಿಗೆ ಏನನ್ನೂ ಹೇಳಬೇಕಾಗಲಿಲ್ಲ. ಅವರೆಲ್ಲ ಅಷ್ಟು ಗಮನವಿಟ್ಟು ಬೇರೆ ಕಡೆ ನೋಡುತ್ತಿದ್ದರು. ಅರುಣಾ ಡಬ್ಬಿಯನ್ನು ಜಗಲಿಯ ಮೇಲಿಟ್ಟಳು. ಹೋಗಿ ಹುಚ್ಚಮ್ಮನ ಪಕ್ಕದಲ್ಲಿ ಕೂತು ಕೆಂಚನ ತಲೆ ಸವರತೊಡಗಿದಳು.

ಚನ್ನೇಶ ಬುರುಡೆ ರಾಶಿಯ ಹಿಂದೆ ಇನ್ನೊಮ್ಮೆ ಹುಡುಕಿದ. ಹುಚ್ಚಮ್ಮನ ಚಪ್ಪಲಿಯೂ ಸಿಕ್ಕಿತು. ತಾನೇ ತಂದು ಅವಳ ಕಾಲ ಬಳಿ ಇಟ್ಟು, ತಲೆ ಎತ್ತದೆ ಅಂಗಡಿಗೆ ಮರಳಿದ. ಆ ದಿನ ಬಸ್ತಿಹಳ್ಳಿಗೆ ಬಂದವರ ಪೈಕಿ ಒಬ್ಬರದೂ ಚಪ್ಪಲಿ ಹೋಗಲಿಲ್ಲ, ಶೂ ಹೋಗಲಿಲ್ಲ. ಹೋದದ್ದು ಒಂದು ನಾಯಿ.